ಕನ್ನಡಕ್ಕೆ ಸಾಲಿನ ಅಂತರ ಎಷ್ಟು ಬೇಕು ಅಂತ ನಾನು ಕಲ್ತಿದ್ದು

ನಾನು ಡಿಸೈನ್ ಕಲ್ತಿದ್ದೆಲ್ಲ ಇಂಗ್ಲಿಷ್ ಅಕ್ಷರ ಇಟ್ಕೊಂಡೇ. ಲೀಡಿಂಗ್, ಅಂದ್ರೆ ಸಾಲಿಂದ ಸಾಲಿಗೆ ಇರೋ ಅಂತರ, ಆಟೋದಲ್ಲೇ ಇರುತ್ತೆ; ಪುಟ ಜೋಡಿಸೋ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಅದು 120 ಪರ್ಸೆಂಟ್, 12 ಪಾಯಿಂಟ್ ಅಕ್ಷರಕ್ಕೆ 14.4, ಅದನ್ನ ಮುಟ್ಟೋದೇ ಬೇಡ ಅನ್ಕೊಂಡಿದ್ದೆ. ಮೊದಲ ಸಲ ಕನ್ನಡದಲ್ಲಿ 16 ಪುಟದ ಸ್ಮರಣ ಸಂಚಿಕೆ ಮಾಡ್ದಾಗ ಹಾಗೇ ಬಿಟ್ಟೆ. ಪ್ರೂಫ್ ನೋಡೋ ಮೇಷ್ಟ್ರು ಒಂದು ಪುಟ ಓದಿ "ಸಾಲು ಸಾಲಿಗೆ ತಾಗ್ತಿದೆ ಕಣಮ್ಮಾ, ಕಣ್ಣು ನೋಯುತ್ತೆ" ಅಂದ್ರು. ನೋಡಿದ್ರೆ ಮೇಲಿನ ಸಾಲಿನ 'ಸ್ವಾತಂತ್ರ್ಯ'ದ ಒತ್ತುಗಳು ಕೆಳಗಿನ ಸಾಲಿನ 'ಕೀರ್ತಿ'ಯ ಗುಡಿಸಿಗೆ ಬಂದು ಕೂತಿವೆ.

ಅವತ್ತು ಮನೇಲಿ ಒಂದೇ ಪ್ಯಾರಾನ 14, 16, 18, 20 ಲೀಡಿಂಗ್‌ನಲ್ಲಿ ಎ4 ಹಾಳೆ ಮೇಲೆ ಪ್ರಿಂಟ್ ತೆಗೆದೆ, ಸ್ಕ್ರೀನ್ ಮೇಲೆ ಝೂಮ್ ಮಾಡಿ ನೋಡಿದ್ರೆ ಇದು ಗೊತ್ತಾಗಲ್ಲ, ನಿಜವಾದ ಸೈಜ್‌ನಲ್ಲೇ ನೋಡ್ಬೇಕು. 16ರಲ್ಲಿ ಸಾಮಾನ್ಯ ಪದಗಳು ಪರವಾಗಿಲ್ಲ, ಆದ್ರೆ 'ರಾಷ್ಟ್ರ', 'ವೈಶಿಷ್ಟ್ಯ' ಬಂದ ಕಡೆ ಮತ್ತೆ ಇಕ್ಕಟ್ಟು. 18ಕ್ಕೆ ಉಸಿರಾಡೋ ಹಾಗಾಯ್ತು. 20ರಲ್ಲಿ ಸಾಲುಗಳು ಬಿಡಿಬಿಡಿ ಕಾಣ್ತಿದ್ವು. ಫಾಂಟ್ ಬದಲಾದ್ರೆ ಈ ಲೆಕ್ಕವೂ ಬದಲಾಗುತ್ತೆ, ಅದಕ್ಕೇ ಈಗ್ಲೂ ಹೊಸ ಫಾಂಟ್ ಸಿಕ್ಕಿದ್ರೆ ಮೊದ್ಲು 'ಸ್ವಾತಂತ್ರ್ಯ', 'ರಾಷ್ಟ್ರ', 'ವೈಶಿಷ್ಟ್ಯ' ಈ ಮೂರು ಪದ ಮೇಲಿನ ಸಾಲಲ್ಲಿ, ಗುಡಿಸು ಇರೋ ಪದಗಳನ್ನ ಕೆಳಗಿನ ಸಾಲಲ್ಲಿ ಟೈಪ್ ಮಾಡಿ ನೋಡ್ತೀನಿ.

ಬೋಲ್ಡ್ ವಿಷ್ಯ ಇನ್ನೂ ಮುಖ್ಯ. ಫಾಂಟಲ್ಲಿ ಬೋಲ್ಡ್ ಇಲ್ಲ ಅಂತ ಅಕ್ಷರದ ಅಂಚಿಗೆ ಸ್ಟ್ರೋಕ್ (ಗೆರೆ) ಹಾಕಿ ದಪ್ಪ ಮಾಡಿದ್ರೆ ಮಹಾಪ್ರಾಣದ ಸೀಳು ಮುಚ್ಚಿ ಹೋಗುತ್ತೆ, ಸಣ್ಣ ಸೈಜ್‌ನಲ್ಲಿ 'ಧನ' ಹೋಗಿ 'ದನ' ಆಗುತ್ತೆ. ಫಾಂಟ್ ಮಾಡೋ ಏಕ್ ಟೈಪ್‌ನವರ ಅನೇಕ್ ಕನ್ನಡ ಥರ ತೆಳುವಿಂದ ದಪ್ಪದವರೆಗೆ ಬೇರೆ ಬೇರೆ ತೂಕಗಳು ಫಾಂಟಲ್ಲೇ ಇರೋದನ್ನ ತಗೊಳ್ಳಿ, ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗೇ ಸಿಗುತ್ತೆ. ಹಾಗೇ ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡದ ಒತ್ತುಗಳು ಒಡೆದು ಕಂಡ್ರೆ ಭಾರತೀಯ ಲಿಪಿಗಳನ್ನ ಸರಿಯಾಗಿ ಜೋಡಿಸೋ 'ವರ್ಲ್ಡ್-ರೆಡಿ ಕಂಪೋಸರ್' ಅನ್ನೋ ಸೆಟ್ಟಿಂಗ್ ಆರಿಸ್ಕೊಳ್ಳಿ.

ಜಸ್ಟಿಫೈ ಮಾಡೋದನ್ನೂ, ಅಂದ್ರೆ ಸಾಲುಗಳ ಎರಡೂ ತುದಿ ಸಮ ಮಾಡೋದನ್ನೂ, ಬಿಟ್ಟೆ. 'ಹೋಗಬೇಕಾಗಿರುವುದರಿಂದ' ಅನ್ನೋದು ನಮ್ಮಲ್ಲಿ ಒಂದೇ ಪದ, ಕಿರಿದಾದ ಕಾಲಂನಲ್ಲಿ ಅದು ಮುಂದಿನ ಸಾಲಿಗೆ ಹಾರಿದ್ರೆ ಹಿಂದಿನ ಸಾಲಲ್ಲಿ ಪದಗಳ ನಡುವೆ ದೊಡ್ಡ ದೊಡ್ಡ ಕಂದಕ ಬೀಳುತ್ತೆ.

18ಕ್ಕೆ ಹೋದ್ಮೇಲೆ ಸಂಚಿಕೆ 16 ಪುಟದಿಂದ 20 ಆಯ್ತು. ಪೇಪರ್ ಖರ್ಚು ಜಾಸ್ತಿ ಅಂತ ಸಮಿತಿಯವ್ರು ಒಪ್ಪಲಿಲ್ಲ. ಎರಡೂ ಪ್ರೂಫ್ ಪಕ್ಕಪಕ್ಕ ಇಟ್ಟು, ಅವರಲ್ಲೇ ಹಿರಿಯರೊಬ್ಬರಿಗೆ ಜೋರಾಗಿ ಓದಿ ಸರ್ ಅಂತ ಕೊಟ್ಟೆ. ಮೊದಲನೇದ್ರಲ್ಲಿ ಎರಡು ಸಲ ಸಾಲು ತಪ್ಪಿದ್ರು. 20 ಪುಟಾನೇ ಪ್ರಿಂಟ್ ಆಯ್ತು.