ಬ್ರೋಕರ್‌ಗೆ ಗುರು ಬ್ರೋಕರೇ ಆಗಬೇಕಾ? ನನ್ನ ಅನುಭವ

ರಿಯಲ್ ಎಸ್ಟೇಟ್‌ಗೆ ಹೊಸದಾಗಿ ಬಂದ ಏಜೆಂಟ್‌ಗೆ ಎಲ್ಲರೂ ಹೇಳುವುದು ಒಂದೇ ಮಾತು: ಊರಿನ ದೊಡ್ಡ ಬ್ರೋಕರ್ ಹಿಂದೆ ಓಡಾಡು, ಕೆಲಸ ತಾನಾಗೇ ಬರುತ್ತೆ. ನಾನು ಆಸ್ತಿಯ ಕ್ರಯಪತ್ರ ಬರೆಯುವವರ ಹಿಂದೆ ಹೋದೆ. ಮೈಸೂರಿನ ನಮ್ಮ ಬಳಗದಲ್ಲಿ ನಕ್ಕವರೇ ಜಾಸ್ತಿ. "ಅವರು ಸೈಟು ಮಾರೋದು ಏನ್ ಕಲಿಸ್ತಾರೆ?" ಅಂದರು. ಈಗ ಅದೇ ಮಂದಿ ಇಸಿ (ಆಸ್ತಿ ಮೇಲೆ ನೋಂದಣಿಯಾದ ವ್ಯವಹಾರ, ಸಾಲಗಳ ಪಟ್ಟಿ) ತಂದು ನನ್ನ ಮುಂದಿಟ್ಟು "ಸ್ವಲ್ಪ ನೋಡಿ ಹೇಳಪ್ಪ" ಅನ್ನುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ದೊಡ್ಡ ಬ್ರೋಕರ್ ದಾರಿಯನ್ನೂ ನೋಡಿಯಾಗಿತ್ತು. ಹೆಚ್ಚುಕಡಿಮೆ ಅರ್ಧ ವರ್ಷ ಒಬ್ಬರ ಜೊತೆ ಇದ್ದೆ. ಬಾಡಿಗೆ ಮನೆಗಳ ಬೀಗ ತೆಗೆಯುವುದು, ಪಾರ್ಟಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಬೋಗಾದಿ, ಇಲವಾಲ ಸುತ್ತಿಸುವುದು. ಪೆಟ್ರೋಲ್ ನನ್ನದೇ. ರೇಟಿನ ಮಾತು ಶುರುವಾದ ಕೂಡಲೇ "ನೀನು ಸ್ವಲ್ಪ ಹೊರಗಿರು". ನಾನೇ ತಂದ ಪಾರ್ಟಿಯ ವ್ಯವಹಾರ ಮುಗಿದಾಗ ಕೈಗೆ ಸಿಕ್ಕಿದ್ದು ಐದು ಸಾವಿರ. ಇನ್ನೊಬ್ಬರು ತರಬೇತಿ ಅಂತ ಹದಿನೈದು ಸಾವಿರದಷ್ಟು ತೆಗೆದುಕೊಂಡು ಭಾನುವಾರವೆಲ್ಲ ಮೈಂಡ್‌ಸೆಟ್ ಬಗ್ಗೆ ಮಾತಾಡಿದರು. ಒಂದು ಪಹಣಿ ತೋರಿಸಲಿಲ್ಲ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಗೆ 25,000 ಬೇರೆ ಕಟ್ಟಿದ್ದೆ. ಅದು ಐದು ವರ್ಷ ನಡೆಯುತ್ತೆ, ವ್ಯರ್ಥ ಅಲ್ಲ. ಆದರೆ ಆಗ ಜೇಬು ಪೂರ್ತಿ ಖಾಲಿ.

ಅಷ್ಟರಲ್ಲಿ, 2023ರಲ್ಲಿ, ಆಸ್ತಿ ನೋಂದಣಿಯ ಹೊಸ ಸರ್ಕಾರಿ ಆನ್‌ಲೈನ್ ವ್ಯವಸ್ಥೆ ಕಾವೇರಿ 2.0 ಬಂತು. ಎಂಟ್ರಿ, ಅಪ್‌ಲೋಡ್, ಶುಲ್ಕ, ಸ್ಲಾಟ್ ಎಲ್ಲಾ ಮೊದಲೇ ಆನ್‌ಲೈನ್‌ನಲ್ಲಿ ಆಗಬೇಕು. ಉಪನೋಂದಣಿ ಕಚೇರಿ ಹತ್ತಿರ ಮೂವತ್ತು ವರ್ಷದಿಂದ ಪತ್ರ ಬರೆಯುತ್ತಿದ್ದ ಹಿರಿಯರೊಬ್ಬರು ಲಾಗಿನ್‌ಗೇ ಒದ್ದಾಡುತ್ತಿದ್ದರು. ಗುರು ಆಗಿ ಅಂತ ನಾನು ಕೇಳಲಿಲ್ಲ. ಕೇಳಿದರೆ ಯಾರೂ ಆಗಲ್ಲ. "ಬೆಳಿಗ್ಗೆ ಹೊತ್ತು ನಿಮ್ಮ ಅಪ್‌ಲೋಡ್ ನಾನು ಮಾಡ್ತೀನಿ, ಸಂಬಳ ಬೇಡ. ಪಾರ್ಟಿ ಕಾಗದ ನೀವು ನೋಡುವಾಗ ಪಕ್ಕದಲ್ಲಿ ಕೂರೋಕೆ ಬಿಡಿ" ಅಂದೆ. ಒಪ್ಪಿದರು.

ಮೊದಮೊದಲು ಏನೂ ಹೇಳಿಕೊಡಲಿಲ್ಲ. ಸ್ಕ್ಯಾನ್ ಮಾಡು, ಟೀ ತಾ, ಅಷ್ಟೇ. ಆಮೇಲೊಂದು ದಿನ 30×40 ಸೈಟಿನ ಕಾಗದ ಬಂತು. ಇಸಿ ಫಾರಂ 16, ಏನೂ ಎಂಟ್ರಿ ಇಲ್ಲ. ಪಾರ್ಟಿಗೆ ಖುಷಿಯೋ ಖುಷಿ. ಇವರು ತಲೆ ಎತ್ತದೆ ಹೇಳಿದರು: "ಮಾರೋರು ತಗೊಂಡಿದ್ದು ತೊಂಬತ್ತರ ದಶಕದಲ್ಲಿ. ನೀವು ಇಸಿ ತೆಗೆಸಿರೋದು 2004ರಿಂದ ಈಚೆಗೆ. ಫಾರಂ 16 ಬರದೆ ಇನ್ನೇನು ಬರುತ್ತೆ?" ಆಮೇಲೆ ಕ್ರಯಪತ್ರದ ಚೆಕ್ಕುಬಂದಿ (ನಾಲ್ಕು ಕಡೆಯ ಗಡಿ ವಿವರ) ಮೇಲೆ ಬೆರಳಿಟ್ಟರು. ಪೂರ್ವಕ್ಕೆ ರಸ್ತೆ ಅಂತಿದೆ. ಅದರ ಹಿಂದಿನ ಪತ್ರದಲ್ಲಿ ಪೂರ್ವಕ್ಕೆ ಬೇರೆಯವರ ಜಮೀನು. "ಈ ರಸ್ತೆ ಬಿಟ್ಟವರು ಯಾರು? ಪ್ಲಾನ್ ಎಲ್ಲಿ?" ಪ್ಲಾನ್ ಇರಲೇ ಇಲ್ಲ. ಕೊನೆಗೆ ವಂಶವೃಕ್ಷ. ಅಣ್ಣತಮ್ಮಂದಿರ ಸಹಿ ಇದೆ, ಹೆಣ್ಣುಮಕ್ಕಳದ್ದು ಒಂದೂ ಇಲ್ಲ. ಕಾಲು ಗಂಟೆಯಲ್ಲಿ ಅಷ್ಟೂ ಮುಗಿಯಿತು. ಹದಿನೈದು ಸಾವಿರದ ತರಬೇತಿ ನೆನಪಾಗಿ ಹೊಟ್ಟೆ ಉರಿಯಿತು.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ಟಿಪ್ಪಣಿ, ಆಕಾರಬಂದ್‌ನಂಥ ಜಮೀನಿನ ಸರ್ವೇ ದಾಖಲೆ ಓದಲು ಕಲಿಯೋಣ ಅಂತ ನಿವೃತ್ತ ಸರ್ವೇಯರ್ ಒಬ್ಬರನ್ನು ಹಿಡಿದೆ. ಆಸಾಮಿಗೆ ಗೊತ್ತಿಲ್ಲದ್ದು ಇಲ್ಲ, ಆದರೆ ಮಾತೆಲ್ಲಾ ರಾಜಕೀಯಕ್ಕೇ ಹೋಗುತ್ತೆ. ಅರ್ಧಂಬರ್ಧ ಕಲಿತು ಬಿಟ್ಟೆ. ಪಾಠಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ರಾತ್ರಿ ಕೇಳುವ ಐಡಿಯಾನೂ ಅಷ್ಟೇ. ಬರೀ ಟೈಪ್ ಮಾಡುವ ಸದ್ದು.

2024ರ ಕೊನೆಯಲ್ಲಿ ನೋಂದಣಿಗೆ ಇ-ಖಾತೆ (ಆಸ್ತಿಯ ಡಿಜಿಟಲ್ ಖಾತೆ) ಕಡ್ಡಾಯವಾಗಿ ಎಲ್ಲರೂ ಪರದಾಡುವಾಗ ನನ್ನ ಲೆಕ್ಕ ತಿರುಗಿತು. ಹೂಟಗಳ್ಳಿ ಕಡೆ ಒಂದು ಸೈಟು, ಸುಮಾರು ಮೂವತ್ತೆಂಟು ಲಕ್ಷ. ಕಾಗದ ಮೊದಲೇ ಸರಿ ಮಾಡಿಸಿಟ್ಟು ಆಮೇಲೆ ಪಾರ್ಟಿಗೆ ತೋರಿಸಿದೆ. ಎರಡೂ ಕಡೆಯಿಂದ ಒಂದೊಂದು ಪರ್ಸೆಂಟ್ ಬಂತು. ಕಾಲು ಭಾಗ ಪತ್ರ ಬರೆಯುವ ಆ ಹಿರಿಯರಿಗೆ ಕೊಟ್ಟೆ. ಬೇಡ ಅನ್ನುತ್ತಾರೇನೋ ಅಂದುಕೊಂಡಿದ್ದೆ, ಎರಡು ಸಲ ಎಣಿಸಿ ಒಳಗಿಟ್ಟರು. ಅದಾದ ಮೇಲೆ ನನಗೆ ಬರುವ ಪಾರ್ಟಿಗಳಲ್ಲಿ ಅರ್ಧ ಅವರ ಮೇಜಿನಿಂದಲೇ. ಮಾರುವವರಿಗೆ ಫೋನಿನಲ್ಲಿ ನಾನು ಮೊದಲು ಕೇಳುವ ಪ್ರಶ್ನೆಯೂ ಅವರದೇ. ಅದು ಯಾವುದು ಅಂತ ಇಲ್ಲಿ ಬರೆಯಲ್ಲ. ನನ್ನ ಅನ್ನ ಇರುವುದೇ ಅದರಲ್ಲಿ.

ಪಿಟಿಸಿಎಲ್ ಒಂದನ್ನು ಮಾತ್ರ ಈಗಲೂ ಒಬ್ಬನೇ ಮುಟ್ಟಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ 1978ರ ಕಾಯ್ದೆ ಅದು, ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಮುಗೀತು. ಹಳೇ ಪಹಣಿಯಲ್ಲಿ ಮಂಜೂರು ಅಂತ ಕಂಡ ತಕ್ಷಣ ಅವರಿಗೆ ಫೋಟೋ ಕಳಿಸುತ್ತೇನೆ. ಅದಕ್ಕೆ ಫೀಸು ಸಾವಿರ ರೂಪಾಯಿ. ಶಿಷ್ಯನಿಗೂ ರಿಯಾಯಿತಿ ಇಲ್ಲ.