ಅಮೆರಿಕದ ಕ್ಯಾಂಪಸ್‌ನಲ್ಲಿ ವಿಮೆನ್ಸ್ ಸೆಂಟರ್: ಮಂಡ್ಯ, ಮೈಸೂರಿನಿಂದ ಹೊರಟವರಿಗೆ

ಕಳೆದ ಜುಲೈನಲ್ಲಿ ಮಂಡ್ಯದಿಂದ ತಾಯಿ ಮಗಳು ಸರಸ್ವತಿಪುರಂನ ನಮ್ಮ ಮನೆಗೆ ಬಂದಿದ್ದರು. ಮಗಳಿಗೆ ಅಮೆರಿಕದಲ್ಲಿ ಎಂಎಸ್ ಸೀಟು ಸಿಕ್ಕಿತ್ತು. ಮೊಬೈಲ್‌ನಲ್ಲಿ ಕ್ಯಾಂಪಸ್ ಮ್ಯಾಪ್ ತೋರಿಸುತ್ತಿದ್ದಳು. ಲೈಬ್ರರಿ, ಜಿಮ್, ಬಸ್ ಸ್ಟಾಪ್ ಎಲ್ಲ ಆಯಿತು. 'ವಿಮೆನ್ಸ್ ಸೆಂಟರ್' ಅಂತ ಒಂದು ಚುಕ್ಕೆ ಕಂಡಾಗ ತಾಯಿ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಇದೇನು ಮೇಡಂ, ನಮ್ಮ ಸಾಂತ್ವನ ಕೇಂದ್ರದ ಥರಾನಾ? ಗಂಡನ ಮನೇಲಿ ತೊಂದ್ರೆ ಆದೋರು ಹೋಗೋ ಜಾಗ ಅಲ್ವಾ? ನಮ್ಮ ಮಗೂಗೆ ಯಾಕೆ ಬೇಕು ಅದು?"

2015ರಲ್ಲಿ ಹೋದಾಗ ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಸೆಮಿಸ್ಟರ್ ಪೂರ್ತಿ ಆ ಬಾಗಿಲ ಮುಂದೆಯೇ ಓಡಾಡಿದೆ, ಒಳಗೆ ಕಾಲಿಡಲಿಲ್ಲ. ಕೊನೆಗೆ ಹೋಗಿದ್ದು ಕೆಲಸ ಹುಡುಕಿಕೊಂಡು. ಫ್ರಂಟ್ ಡೆಸ್ಕ್‌ಗೆ ಒಬ್ಬರು ಬೇಕು ಅಂತ ಬೋರ್ಡ್ ಹಾಕಿದ್ದರು. ಹೀಗೆ ಹೋದವಳು 2024ರಲ್ಲಿ ಮೈಸೂರಿಗೆ ವಾಪಸ್ ಬರುವವರೆಗೂ ಅಲ್ಲೇ ಇದ್ದೆ, ಮೊದಲು ವಿದ್ಯಾರ್ಥಿಯಾಗಿ, ಆಮೇಲೆ ಸಿಬ್ಬಂದಿಯಾಗಿ.

ಒಳಗೆ ಏನಿದೆ ಅಂದರೆ, ಎರಡು ಹಳೇ ಸೋಫಾ, ಒಂದು ಫ್ರಿಜ್, ಮೈಕ್ರೋವೇವ್, ಪುಕ್ಕಟೆ ಪ್ಯಾಡ್ ಇಟ್ಟ ಬುಟ್ಟಿ, ಮಗುವಿಗೆ ಹಾಲು ಕುಡಿಸಲು ಬಾಗಿಲು ಹಾಕಿಕೊಳ್ಳುವಂಥ ಒಂದು ಪುಟ್ಟ ಕೋಣೆ, ಮೂರು ನಾಲ್ಕು ಜನ ಸಿಬ್ಬಂದಿ, ಹತ್ತಾರು ವಿದ್ಯಾರ್ಥಿಗಳು. ಎಲ್ಲ ಕ್ಯಾಂಪಸ್‌ನಲ್ಲೂ ಇಷ್ಟೆಲ್ಲ ಇರುವುದಿಲ್ಲ. ಕೆಲವು ಕಡೆ ಒಂದೇ ಕೋಣೆ. ಹುಡುಗರು ಬರಬಾರದು ಅಂತೇನೂ ಇಲ್ಲ, ಬರುತ್ತಾರೆ.

ನಮ್ಮವರು ಮೂರು ಬಾಗಿಲುಗಳನ್ನು ಒಂದೇ ಅಂದುಕೊಂಡು ಗೊಂದಲ ಮಾಡಿಕೊಳ್ಳುತ್ತಾರೆ. ಒಂದು, ಮಹಿಳಾ ಅಧ್ಯಯನ ವಿಭಾಗ. ನಮ್ಮ ಮಾನಸಗಂಗೋತ್ರಿಯಲ್ಲಿ ಇರುವ ಹಾಗೆ, ಅಲ್ಲಿ ಪಾಠ ಮತ್ತು ಸಂಶೋಧನೆ. ಅಮೆರಿಕದಲ್ಲಿ ಇಂಥ ಮೊದಲ ವಿಭಾಗ 1970ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಶುರುವಾಯಿತು. ಎರಡನೆಯದು ಟೈಟಲ್ ನೈನ್ ಆಫೀಸು, ಲೈಂಗಿಕ ಕಿರುಕುಳ, ಹೆಣ್ಣು ಗಂಡು ಭೇದದ ಬಗ್ಗೆ ದೂರು ಕೊಡುವ ಜಾಗ. ನಮ್ಮ ಕಾಲೇಜುಗಳಲ್ಲಿ 2013ರ ಕಾಯ್ದೆ ಪ್ರಕಾರ ಇರಬೇಕಾದ ಆಂತರಿಕ ಸಮಿತಿಯ ದೊಡ್ಡಣ್ಣ ಅನ್ನಿ. ವಿಮೆನ್ಸ್ ಸೆಂಟರ್ ಮೂರನೆಯದು. ಅಲ್ಲಿ ಮಾರ್ಕ್ಸೂ ಇಲ್ಲ, ವಿಚಾರಣೆಯೂ ಇಲ್ಲ.

ಇದರ ಹುಟ್ಟು ಸ್ವಾರಸ್ಯವಾಗಿದೆ. ಕ್ಯಾಂಪಸ್‌ನ ಮೊದಲ ಇಂಥ ಸೆಂಟರ್ ಅಂತ ಹೇಳುವುದು ಮಿನ್ನೆಸೋಟ ಯೂನಿವರ್ಸಿಟಿಯದನ್ನು, 1960ರಲ್ಲಿ ಶುರುವಾದದ್ದು. ಯಾರಿಗಾಗಿ? ಮದುವೆ, ಮಕ್ಕಳು ಅಂತ ಓದು ಬಿಟ್ಟು ಮನೆಯಲ್ಲಿ ಉಳಿದ ಗೃಹಿಣಿಯರಿಗೆ ಮತ್ತೆ ಓದು ಶುರು ಮಾಡಿಸಲು. ಘೋಷಣೆ, ಮೆರವಣಿಗೆ ಎಲ್ಲ ಬಂದಿದ್ದು ಆಮೇಲೆ. 1972ರಲ್ಲಿ ಟೈಟಲ್ ನೈನ್ ಕಾನೂನು ಬಂತು. ಕೇಂದ್ರ ಸರ್ಕಾರದ ದುಡ್ಡು ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಹೆಣ್ಣು ಗಂಡು ಅಂತ ಭೇದ ಮಾಡುವಂತಿಲ್ಲ ಅನ್ನುವುದು ಅದರ ಸಾರ. ಅದಕ್ಕಾಗಿ ಹೋರಾಡಿದವರಲ್ಲಿ ಹವಾಯಿಯ ಪ್ಯಾಟ್ಸಿ ಮಿಂಕ್ ದೊಡ್ಡ ಹೆಸರು. ಹೆಂಗಸು ಅನ್ನುವ ಕಾರಣಕ್ಕೆ ಮೆಡಿಕಲ್ ಸೀಟು ಸಿಗದೆ ಲಾ ಓದಿದವರು ಅವರು.

ಈ ಕಥೆ ಯಾಕೆ ಹೇಳಿದೆ ಅಂದರೆ, ಎಚ್-4 ವೀಸಾದಲ್ಲಿ, ಅಂದರೆ ಅಲ್ಲಿ ಕೆಲಸದಲ್ಲಿರುವ ಗಂಡನ ಜೊತೆ ಹೋಗಿ ಮನೆಯಲ್ಲಿ ಕೂತಿರುವ ನಮ್ಮ ಹೆಣ್ಣುಮಕ್ಕಳು ಎಷ್ಟೊಂದು ಜನ! ಬಿಇ ಮುಗಿಸಿರುತ್ತಾರೆ. 'ನಾನು ಅಲ್ಲಿ ಸ್ಟೂಡೆಂಟ್ ಅಲ್ಲವಲ್ಲ' ಅಂತ ಹಿಂಜರಿಯುತ್ತಾರೆ. ಮೊದಲ ಸೆಂಟರ್ ಕಟ್ಟಿದ್ದೇ ನಿಮ್ಮಂಥವರಿಗೆ ಕಣ್ರೀ. ಎಚ್-4ನಲ್ಲಿ ಕಾಲೇಜು ಸೇರಿ ಓದಬಹುದು. ಎಫ್-2 (ಓದಲು ಹೋದವರ ಗಂಡ ಅಥವಾ ಹೆಂಡತಿಯ ವೀಸಾ) ಆದರೆ ಪೂರ್ಣಾವಧಿ ಡಿಗ್ರಿ ಓದುವ ಹಾಗಿಲ್ಲ, ಅರೆಕಾಲಿಕವಾಗಿ ಕೋರ್ಸ್ ತೆಗೆದುಕೊಳ್ಳಬಹುದು. ಹತ್ತಿರದ ಸರ್ಕಾರಿ ಯೂನಿವರ್ಸಿಟಿಯ ಸೆಂಟರ್‌ಗೆ ಸುಮ್ನೆ ಒಂದು ಸಲ ಹೋಗಿ ಕೇಳಿ. ನಮ್ಮಲ್ಲಿ ಬುಧವಾರದ ಟೀಗೆ ಯಾರು ಬೇಕಾದರೂ ಬರಬಹುದಿತ್ತು.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಇದನ್ನು ನಾನು ಕೆಟ್ಟ ರೀತಿಯಲ್ಲಿ ಕಲಿತೆ.

ಎರಡನೇ ಸೆಮಿಸ್ಟರ್‌ನಲ್ಲಿ ನನ್ನ ರೂಮ್‌ಮೇಟ್‌ಗೆ ಲ್ಯಾಬ್‌ನಲ್ಲಿ ಒಬ್ಬ ಸೀನಿಯರ್ ಕಾಟ ಕೊಡುತ್ತಿದ್ದ. ಅವಳು ಯಾರಿಗೂ ಹೇಳಬೇಡ ಅಂದಿದ್ದಳು. ನನಗೆ ತಡೆಯಲಾಗಲಿಲ್ಲ. ತುಂಬ ಒಳ್ಳೆಯವರು ಅನಿಸಿದ ಒಬ್ಬ ಪ್ರೊಫೆಸರ್ ಹತ್ತಿರ 'ಏನು ಮಾಡಲಿ' ಅಂತ ಕೇಳಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡರು. ಮಾರನೇ ದಿನ ಬೆಳಿಗ್ಗೆ ನನ್ನ ರೂಮ್‌ಮೇಟ್‌ಗೆ ಟೈಟಲ್ ನೈನ್ ಆಫೀಸಿನಿಂದ ಈಮೇಲ್ ಬಂತು. ಅವಳು ನನ್ನ ಜೊತೆ ಹತ್ತು ದಿನ ಮಾತಾಡಲಿಲ್ಲ.

ಪ್ರೊಫೆಸರ್ ತಪ್ಪು ಮಾಡಿರಲಿಲ್ಲ. ಬಹಳಷ್ಟು ಯೂನಿವರ್ಸಿಟಿಗಳಲ್ಲಿ ಮೇಷ್ಟ್ರು, ಹಾಸ್ಟೆಲ್ ನೋಡಿಕೊಳ್ಳುವ ಸೀನಿಯರ್ ವಿದ್ಯಾರ್ಥಿ, ಆಫೀಸಿನ ಸಿಬ್ಬಂದಿ ಇಂಥ ವಿಷಯ ಕಿವಿಗೆ ಬಿದ್ದರೆ ಮೇಲಕ್ಕೆ ತಿಳಿಸಲೇಬೇಕು. ಅದು ಅವರ ಕೆಲಸದ ಷರತ್ತು. ಗುಟ್ಟು ಕಾಯುವವರು ಬೇರೆ: ಕೌನ್ಸೆಲಿಂಗ್ ಸೆಂಟರ್‌ನ ಕೌನ್ಸೆಲರ್, ಎಷ್ಟೋ ಕಡೆ 'ಅಡ್ವೊಕೇಟ್' ಅಂತ ಕರೆಯುವವರು. ಈ ಅಡ್ವೊಕೇಟ್ ಲಾಯರ್ ಅಲ್ಲ, ನೊಂದವರ ಜೊತೆ ನಿಂತು ದಾರಿ ತೋರಿಸುವವರು. ವಿಮೆನ್ಸ್ ಸೆಂಟರ್‌ನವರೂ ಕೆಲವು ಕ್ಯಾಂಪಸ್‌ನಲ್ಲಿ ಗುಟ್ಟು ಕಾಯುತ್ತಾರೆ, ಕೆಲವು ಕಡೆ ತಿಳಿಸಲೇಬೇಕು. ಹಾಗಾಗಿ ಕಥೆ ಶುರು ಮಾಡುವ ಮೊದಲೇ ಕೇಳಿ: "ನಾನು ಹೇಳಿದ್ದು ನಿಮ್ಮಲ್ಲೇ ಉಳಿಯುತ್ತಾ, ಬೇರೆಯವರಿಗೆ ತಿಳಿಸಬೇಕಾ?" ಹೆಸರು ಹೇಳುವ ಮುಂಚೆ ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ. ನಾನು ಡೆಸ್ಕ್‌ನಲ್ಲಿದ್ದಾಗ ಇದನ್ನು ಬಂದವರು ಕೇಳುವ ತನಕ ಕಾಯುತ್ತಿರಲಿಲ್ಲ, ನಾನೇ ಮೊದಲು ಹೇಳುತ್ತಿದ್ದೆ.

ಆ ಈಮೇಲ್ ಬಂದರೆ ಹೆದರಬೇಡಿ. ಸಾಮಾನ್ಯವಾಗಿ ಅದು ಸಹಾಯ ಬೇಕಾ ಅಂತ ಕೇಳುವ ಪತ್ರ. ಉತ್ತರ ಕೊಡಲೇಬೇಕು ಅಂತಿಲ್ಲ. ಅಧಿಕೃತ ದೂರು ಬೇರೆಯೇ, ಅದಕ್ಕೆ ಸಹಿ ಬೇಕು. ದೂರು ಕೊಡದೆಯೂ ಕೆಲವು ಅನುಕೂಲ ಸಿಗುತ್ತದೆ. ಸೆಕ್ಷನ್ ಬದಲಾವಣೆ, ರೂಮ್ ಬದಲಾವಣೆ, ಇಬ್ಬರೂ ಪರಸ್ಪರ ಸಂಪರ್ಕ ಮಾಡಬಾರದು ಅನ್ನುವ ಆದೇಶ, ಹೀಗೆ. ದೂರು ಕೊಟ್ಟರೆ ಕಾಲೇಜುಗಳಲ್ಲಿ ನೇರ ವಿಚಾರಣೆ ಇರುತ್ತದೆ, ಪಾಟೀಸವಾಲು ಮಾಡುವುದು ಇಬ್ಬರ ಸಲಹೆಗಾರರು. 2024ರಲ್ಲಿ ಬಂದ ಟೈಟಲ್ ನೈನ್‌ನ ಹೊಸ ನಿಯಮವನ್ನು 2025ರ ಜನವರಿಯಲ್ಲಿ ಕೋರ್ಟ್ ರದ್ದು ಮಾಡಿ, 2020ರ ನಿಯಮವೇ ವಾಪಸ್ ಬಂದಿದೆ. ಬಸುರಿ ವಿದ್ಯಾರ್ಥಿನಿಗೂ ಇದೇ ಕಾನೂನಿನ ರಕ್ಷಣೆ ಇದೆ. ಡಾಕ್ಟರ್ ಬೇಕು ಅಂದಷ್ಟು ದಿನದ ರಜೆ ಕೊಡಲೇಬೇಕು.

ಎಫ್-1ನಲ್ಲಿ, ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಇರುವವರಿಗೆ ಒಂದು ಮಾತು. ಮನಸ್ಸು ಕೆಟ್ಟಿತು ಅಂತ ಕೋರ್ಸ್ ಡ್ರಾಪ್ ಮಾಡಿಬಿಡಬೇಡಿ. ಪೂರ್ಣಾವಧಿಗಿಂತ ಕಡಿಮೆ ಆದರೆ ವೀಸಾಗೇ ಕುತ್ತು. ಡಾಕ್ಟರ್ ಅಥವಾ ಸೈಕಾಲಜಿಸ್ಟ್ ಪತ್ರ ತೆಗೆದುಕೊಂಡು ಮೊದಲು ಇಂಟರ್‌ನ್ಯಾಷನಲ್ ಆಫೀಸಿಗೆ ಹೋಗಿ, ಒಪ್ಪಿಗೆ ಸಿಕ್ಕ ಮೇಲೆ ಡ್ರಾಪ್ ಮಾಡಿ. ಮನೆಯೊಳಗಿನ ಹಿಂಸೆ ಆದರೆ ನಮ್ಮ ಕಡೆಯವರ ಮನೆ ಮಾತು ಅರ್ಥವಾಗುವ ಸಂಸ್ಥೆಗಳೂ ಇವೆ. ನ್ಯೂಜೆರ್ಸಿಯ ಮಾನವಿ 1985ರಿಂದ, ನ್ಯೂಯಾರ್ಕ್‌ನ ಸಖಿ 1989ರಿಂದ, ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮೈತ್ರಿ 1991ರಿಂದ.

ಇನ್ನು ಸೆಂಟರ್‌ನಲ್ಲಿ ಕಲಿಯುವ ನಾಯಕತ್ವ. 'ಸ್ತ್ರೀವಾದಿ ನಾಯಕತ್ವ' ಅಂದ ತಕ್ಷಣ ನಮ್ಮಲ್ಲಿ ಮೈಕ್ ಹಿಡಿದು ಕೂಗುವವಳು ಕಣ್ಣಮುಂದೆ ಬರುತ್ತಾಳೆ. ಅಲ್ಲಿ ನಾನು ಕಂಡಿದ್ದರಲ್ಲಿ ಮುಕ್ಕಾಲು ಪಾಲು ಮೀಟಿಂಗ್ ಹೇಗೆ ನಡೆಸಬೇಕು ಅನ್ನುವುದರ ಪಾಠ. ಅಧ್ಯಕ್ಷೆ ಪ್ರತಿ ವಾರ ಬದಲಾಗುತ್ತಾಳೆ. ನಡಾವಳಿ ಬರೆಯುವುದು, ಕಪ್ ತೊಳೆಯುವುದು ಎರಡಕ್ಕೂ ಸರದಿ ಪಟ್ಟಿ. ಎರಡು ಸಲ ಮಾತಾಡಿದವರು ಒಂದು ಸಲವೂ ಮಾತಾಡದವರಿಗೆ ಜಾಗ ಬಿಡಬೇಕು. ಶುರುವಿಗೆ ಎಲ್ಲರೂ ಸರದಿಯಲ್ಲಿ 'ಇವತ್ತು ನಾನು ಹೇಗಿದ್ದೇನೆ' ಅಂತ ಹೇಳಬೇಕು. ಇದು ನನಗೆ ಮೊದಲ ತಿಂಗಳು ವಿಪರೀತ ಸಿಟ್ಟು ತರಿಸುತ್ತಿತ್ತು. ಒಂದು ಗಂಟೆ ಮೀಟಿಂಗ್‌ನಲ್ಲಿ ಇಪ್ಪತ್ತು ನಿಮಿಷ ಇದಕ್ಕೇ! ಆಮೇಲೆ ಇದರ ಲಾಭ ಗೊತ್ತಾಯಿತು, ಬಾಯಿ ಬಿಡದವರು ಅಲ್ಲಿ ಬಾಯಿ ಬಿಟ್ಟಿರುತ್ತಾರೆ. ಆದರೂ ಇಪ್ಪತ್ತು ನಿಮಿಷ ಜಾಸ್ತಿ ಅಂತಲೇ ಈಗಲೂ ನನ್ನ ಅಭಿಪ್ರಾಯ.

ಇದೆಲ್ಲ ನನಗೆ ಪೂರ್ತಿ ಹೊಸದೂ ಆಗಿರಲಿಲ್ಲ. ಮದ್ದೂರಿನ ಹತ್ತಿರದ ನಮ್ಮೂರಲ್ಲಿ ಅಮ್ಮ ಸ್ತ್ರೀಶಕ್ತಿ ಸಂಘದ ಇಬ್ಬರು ಪ್ರತಿನಿಧಿಗಳಲ್ಲಿ ಒಬ್ಬರು. ಭಾನುವಾರ ಸಂಜೆ ಜಗಲಿ ಮೇಲೆ ಸಭೆ, ತಲಾ ಹತ್ತು ರೂಪಾಯಿ. ನನ್ನ ಅಕ್ಷರ ದುಂಡಗಿದೆ ಅಂತ ಹೈಸ್ಕೂಲಿನಲ್ಲಿದ್ದ ನನ್ನ ಕೈಲಿ ನಡಾವಳಿ ಪುಸ್ತಕ ಬರೆಸುತ್ತಿದ್ದರು. ಯಾರಿಗೆ ಮೊದಲು ಸಾಲ ಅಂತ ಜಗಳ ಆಗುತ್ತಿತ್ತು, ಆದರೆ ತೀರ್ಮಾನ ಬರೆಯದೆ ಯಾರೂ ಏಳುತ್ತಿರಲಿಲ್ಲ.

ಆ ಪುಸ್ತಕ ಅಮೆರಿಕದಲ್ಲಿ ನೆನಪಾಗಿದ್ದು ದುಡ್ಡಿನ ವಿಷಯಕ್ಕೆ. ನಮ್ಮ ಕ್ಯಾಂಪಸ್‌ನಲ್ಲಿ ಸೆಂಟರ್‌ನ ಕಾರ್ಯಕ್ರಮಗಳಿಗೆ ದುಡ್ಡು ವಿದ್ಯಾರ್ಥಿಗಳ ಫೀಸಿನಿಂದಲೇ ಬರುತ್ತಿತ್ತು. ಅದನ್ನು ಹಂಚುವುದು ವಿದ್ಯಾರ್ಥಿ ಸಂಘದವರು. ಕೋಟು ಹಾಕಿಕೊಂಡ ಇಪ್ಪತ್ತು ವರ್ಷದ ಹುಡುಗ ಕೇಳಿದ: "ಕಳೆದ ವರ್ಷ ಎಷ್ಟು ಜನ ಬಂದಿದ್ದರು?" ನಮ್ಮ ಹತ್ತಿರ ಲೆಕ್ಕವೇ ಇರಲಿಲ್ಲ. ಹೆಸರು ಬರೆಸಿದರೆ ಬರುವವರು ಮುಜುಗರ ಪಡುತ್ತಾರೆ ಅಂತ ರಿಜಿಸ್ಟರ್ ಇಟ್ಟಿರಲಿಲ್ಲ. ಕೇಳಿದ್ದರ ಅರ್ಧ ಸಿಕ್ಕಿತು. ಮಾರನೇ ವಾರದಿಂದ ಬಾಗಿಲ ಹತ್ತಿರ ಒಂದು ನೋಟ್‌ಬುಕ್ ಇಟ್ಟೆ. ಹೆಸರಿಲ್ಲ, ಬಂದವರಿಗೆ ಒಂದು ಗೆರೆ. ನಾಲ್ಕು ಗೆರೆ ಆದ ಮೇಲೆ ಐದನೆಯದು ಅಡ್ಡ. ಮುಂದಿನ ಬಜೆಟ್ ಸಭೆಗೆ ಆ ನೋಟ್‌ಬುಕ್ಕನ್ನೇ ತೆಗೆದುಕೊಂಡು ಹೋದೆ. ಈ ಸಲ ಕಡಿತ ಆಗಲಿಲ್ಲ.

ಎಫ್-1ನವರು ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು. ಸೆಂಟರ್‌ನ ಡೆಸ್ಕ್ ಕೆಲಸ ಆ ಲೆಕ್ಕಕ್ಕೇ ಬರುತ್ತದೆ. ಡೈನಿಂಗ್ ಹಾಲ್‌ನಲ್ಲಿ ತಟ್ಟೆ ತೊಳೆಯುವುದಕ್ಕೆ ಮೊದಲು ಇಲ್ಲಿ ಒಂದು ಅರ್ಜಿ ಹಾಕಿ.

ಏಪ್ರಿಲ್ ಬಂದರೆ ಅನೇಕ ಕ್ಯಾಂಪಸ್‌ನಲ್ಲಿ 'ಕ್ಲೋತ್ಸ್‌ಲೈನ್' ಕಟ್ಟುತ್ತಾರೆ. 1990ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಶುರುವಾದ ಪದ್ಧತಿ. ಬಟ್ಟೆ ಒಣಗಿಸುವ ಹಗ್ಗ, ಅದರ ಮೇಲೆ ಟೀ ಶರ್ಟ್‌ಗಳು, ಒಂದೊಂದರ ಮೇಲೂ ಹಿಂಸೆಯ ಬಗ್ಗೆ ಯಾರೋ ಬರೆದ ಮಾತು. ಬಿಳಿ ಶರ್ಟ್ ಅಂದರೆ ಹಿಂಸೆಗೆ ಸತ್ತವರದು. 2024ರಲ್ಲಿ ನಮ್ಮ ಮಂಡ್ಯದ ಒಬ್ಬ ಹುಡುಗಿ ಬಿಳಿ ಶರ್ಟ್ ತೆಗೆದುಕೊಂಡು ಕಪ್ಪು ಬಣ್ಣದಲ್ಲಿ ಕನ್ನಡದಲ್ಲೇ ಒಂದು ಪದ ಬರೆದಳು: ಆಲೆಮನೆ. ಏನರ್ಥ ಅಂತ ಎಲ್ಲರೂ ಕೇಳಿದರು. ಬೆಲ್ಲ ಮಾಡುವ ಜಾಗ ಅಂದಳು. ಆಮೇಲೆ 2023ರ ಕೊನೆಯಲ್ಲಿ ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಾಡಿ ಹೆಣ್ಣು ಭ್ರೂಣ ಪತ್ತೆ ಹಚ್ಚುತ್ತಿದ್ದ ಜಾಲವನ್ನು ಪೊಲೀಸರು ಹಿಡಿದ ಸುದ್ದಿ ಹೇಳಿದಳು. ಹೇಳುವಾಗ ಕುಂಚದ ಬಣ್ಣ ಅವಳ ಚಪ್ಪಲಿ ಮೇಲೆ ತೊಟ್ಟಿಕ್ಕುತ್ತಿತ್ತು, ಅವಳಿಗೆ ಗಮನವೇ ಇರಲಿಲ್ಲ. ಅವತ್ತಿನವರೆಗೂ ಮೀಟಿಂಗ್‌ನಲ್ಲಿ 'ನಾನು ಪರವಾಗಿಲ್ಲ' ಅನ್ನುವುದು ಬಿಟ್ಟು ಇನ್ನೇನೂ ಹೇಳದ ಹುಡುಗಿ ಅವಳು.

ಈಗ ಹೋಗುವವರು ಒಂದು ವಿಷಯ ನೋಡಿಕೊಳ್ಳಬೇಕು. ಟೆಕ್ಸಾಸ್, ಯೂಟಾ ಥರದ ರಾಜ್ಯಗಳಲ್ಲಿ ವೈವಿಧ್ಯ, ಸಮಾನತೆಯ ಹೆಸರಿನ ಆಫೀಸುಗಳಿಗೆ ಕಡಿವಾಣ ಹಾಕುವ ಹೊಸ ಕಾನೂನು ಬಂದು 2024ರಲ್ಲಿ ಕೆಲವು ಸೆಂಟರ್‌ಗಳು ಮುಚ್ಚಿವೆ. ಕೆಲವು ಹೆಸರು ಬದಲಿಸಿಕೊಂಡಿವೆ. ಮ್ಯಾಪ್‌ನಲ್ಲಿ ಚುಕ್ಕೆ ಇಲ್ಲದಿದ್ದರೆ ಡೀನ್ ಆಫ್ ಸ್ಟೂಡೆಂಟ್ಸ್ ಆಫೀಸಿನಲ್ಲಿ ಕೇಳಿ. ಟೈಟಲ್ ನೈನ್ ಆಫೀಸು, ಕೌನ್ಸೆಲಿಂಗ್ ಹೇಗೂ ಇರುತ್ತವೆ.

ಮಂಡ್ಯದ ಆ ತಾಯಿ ಕೊನೆಗೆ ಕೇಳಿದ್ದು, "ಅಲ್ಲಿಗೆ ನಾನು ಫೋನ್ ಮಾಡಿದ್ರೆ ಇವಳ ವಿಷಯ ಹೇಳ್ತಾರಾ?" ಹೇಳುವುದಿಲ್ಲ. 1974ರ ಒಂದು ಕಾನೂನಿನ ಪ್ರಕಾರ ಕಾಲೇಜು ಸೇರಿದ ವಿದ್ಯಾರ್ಥಿಯ ದಾಖಲೆ ಮೇಲಿನ ಹಕ್ಕು ಅವರದೇ. ಫೀಸು ಕಟ್ಟಿದ್ದೇನೆ ಅಂತ ವಾದಿಸಿದರೂ ಮಾರ್ಕ್ಸ್ ಸಹ ಸಾಮಾನ್ಯವಾಗಿ ಸಿಗದು. ಮಗಳೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ಬೇರೆ ಮಾತು. ತಾಯಿ ಮಗಳ ಮುಖ ನೋಡಿದರು. ಮಗಳು ಮ್ಯಾಪ್ ನೋಡುತ್ತಿದ್ದಳು. ನಾನು ಎಮರ್ಜೆನ್ಸಿ ಕಾಂಟ್ಯಾಕ್ಟ್ ಫಾರ್ಮ್‌ನಲ್ಲಿ ಮಂಡ್ಯದ ನಂಬರ್ ಜೊತೆಗೆ ಅಮೆರಿಕದಲ್ಲೇ ಇರುವ ಒಬ್ಬ ನೆಂಟರ ನಂಬರೂ ಬರೆಯಲು ಹೇಳಿದೆ. ಇಬ್ಬರೂ ಸೇರಿ ಡೆಟ್ರಾಯಿಟ್‌ನಲ್ಲಿರುವ ಸೋದರಮಾವನ ಮಗನ ನಂಬರ್ ಹುಡುಕತೊಡಗಿದರು.