ರೈಸ್ ಮಿಲ್ಲಿನ ತೂಕದ ಲೈಬ್ರರಿಗೆ ಡೆಬಿಯನ್ ಪ್ಯಾಕೇಜ್: ನನ್ನ ಅನುಭವ

ಗಂಗಾವತಿಯ ಕೆಲವು ರೈಸ್ ಮಿಲ್‌ಗಳಲ್ಲಿ ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿದ ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಲಾರಿ ತೂಗುವ ವೇಬ್ರಿಡ್ಜ್‌ನ ಇಂಡಿಕೇಟರ್ (ತೂಕ ತೋರಿಸುವ ಪೆಟ್ಟಿಗೆ) ಸೀರಿಯಲ್ ಕೇಬಲ್ ಮೂಲಕ ಕಳುಹಿಸುವ ತೂಕವನ್ನು ಓದಿ, ಮುಂದಿನವರಿಗಾಗಿ ಪೋರ್ಟನ್ನು ಬಿಟ್ಟುಕೊಡುವ ಕೆಲಸ ಗೇಟ್ ಪಾಸ್, ಬಿಲ್ಲು, ದಾಸ್ತಾನು ಈ ಮೂರೂ ಪ್ರೋಗ್ರಾಮ್‌ಗಳಿಗೆ ಬೇಕಾಗಿದ್ದರಿಂದ, ಅದನ್ನು ಸಿ ಭಾಷೆಯಲ್ಲಿ ಒಂದೇ ಲೈಬ್ರರಿಯಾಗಿ, ಡೆಬಿಯನ್‌ನಲ್ಲಿ ಮೊದಲೇ ಇರುವ ಲಿಬ್‌ಸೀರಿಯಲ್‌ಪೋರ್ಟ್ ಲೈಬ್ರರಿಯನ್ನು ಬಳಸಿ ಬರೆದು, ಲಿಬ್‌ತೂಕ ಎಂದು ಹೆಸರಿಟ್ಟೆ. ಪ್ರತಿ ಪ್ರೋಗ್ರಾಮಿನೊಳಗೂ ಅದರ ಪ್ರತಿಯನ್ನು ಸೇರಿಸಿಬಿಟ್ಟರೆ ಪ್ಯಾಕೇಜಿನ (ಡೆಬಿಯನ್‌ನಲ್ಲಿ ಸಾಫ್ಟ್‌ವೇರ್ ಹಂಚುವ ಕಟ್ಟಿನ) ತಾಪತ್ರಯವೇ ಇರುವುದಿಲ್ಲ, ನಿಜ; ಆದರೆ ಆಗ ಒಂದು ಸಣ್ಣ ತಿದ್ದುಪಡಿಗೂ ಮೂರನ್ನೂ ಕಂಪೈಲ್ ಮಾಡಿ ಎಲ್ಲ ಮಿಲ್‌ಗಳಿಗೂ ಹಂಚಬೇಕಾಗುತ್ತದೆ.

ಒಂದೇ ಪ್ರತಿಯನ್ನು ಹಲವು ಪ್ರೋಗ್ರಾಮ್‌ಗಳು ಬಳಸುವ ಶೇರ್ಡ್ ಲೈಬ್ರರಿಯ ಪ್ಯಾಕೇಜ್‌ಗೆ ನಮಗೆ ತೋಚಿದ ಹೆಸರಿಡುವಂತಿಲ್ಲ. ಲೈಬ್ರರಿ ಫೈಲಿನೊಳಗೆ ಸೋನೇಮ್ ಎಂಬ, ಆವೃತ್ತಿಯ ಅಂಕಿಯಿರುವ ಹೆಸರೊಂದು ಇರುತ್ತದೆ. ಫೈಲಿನ ಒಳವಿವರ ತೋರಿಸುವ ಆಬ್ಜ್‌ಡಂಪ್ ಓಡಿಸಿ ನೋಡಿದಾಗ ನನ್ನದರಲ್ಲಿ ‘ಲಿಬ್‌ತೂಕ.ಎಸ್‌ಒ.1’ ಎಂದಿತ್ತು. ಪ್ರೋಗ್ರಾಮ್ ಚಾಲೂ ಆಗುವಾಗ ಹುಡುಕುವುದು ಇದನ್ನೇ ಆದ್ದರಿಂದ ಪ್ಯಾಕೇಜ್ ಲಿಬ್‌ತೂಕ1 ಆಗುತ್ತದೆ. ಪ್ರೋಗ್ರಾಮ್ ಕಂಪೈಲ್ ಮಾಡುವಾಗ ಮಾತ್ರ ಬೇಕಾಗುವ ಹೆಡರ್ ಫೈಲ್‌ಗಳು (ಫಂಕ್ಷನ್, ಸ್ಟ್ರಕ್ಚರ್‌ಗಳ ವಿವರ), ಪಿಕೆಜಿ-ಕಾನ್ಫಿಗ್ ಫೈಲು ಮತ್ತು ಅಂಕಿಯಿಲ್ಲದ ‘.ಎಸ್‌ಒ’ ಲಿಂಕ್ ಲಿಬ್‌ತೂಕ-ಡೆವ್ ಎಂಬ ಪ್ಯಾಕೇಜಿಗೆ ಹೋಗುತ್ತವೆ. ಪೋರ್ಟು, ವೇಗ ಮುಂತಾದವುಗಳ ಸೆಟಿಂಗ್ ಫೈಲನ್ನು ಲಿಬ್‌ತೂಕ-ಕಾಮನ್ ಎಂಬ ಬೇರೆಯದಕ್ಕೆ ಹಾಕಿದೆ, ಏಕೆಂದರೆ ಮುಂದೆ ಲಿಬ್‌ತೂಕ2 ಬಂದಾಗ ಅದರಲ್ಲೂ ಅದೇ ಜಾಗದ ಫೈಲಿದ್ದರೆ ಎರಡನ್ನೂ ಒಟ್ಟಿಗೆ ಹಾಕಲು, ಪ್ಯಾಕೇಜ್‌ಗಳನ್ನು ಕಂಪ್ಯೂಟರಿಗೆ ಹಾಕುವ ಡಿಪಿಕೆಜಿ ಒಪ್ಪುವುದಿಲ್ಲ. ಉಳಿದದ್ದನ್ನು ಪ್ಯಾಕೇಜ್ ಕಟ್ಟಲು ನೆರವಾಗುವ ಡೆಬ್‌ಹೆಲ್ಪರ್ ನೋಡಿಕೊಳ್ಳುತ್ತದೆ.

ಆ ಎರಡನೆಯ ಆವೃತ್ತಿ ಬೇಗನೇ ಬಂತು. ಒಂದು ಮಿಲ್‌ನವರು ಕೊಂಡ ಹೊಸ ಇಂಡಿಕೇಟರ್ ಸಾಲಿನ ಕೊನೆಯಲ್ಲಿ ಖಾಲಿ ಲಾರಿಯ ತೂಕವನ್ನೂ ಕಳುಹಿಸುತ್ತಿತ್ತು. ಲೈಬ್ರರಿ ತುಂಬಿಕೊಡುವ ಸ್ಟ್ರಕ್ಚರ್‌ನಲ್ಲಿ (ಮಾಹಿತಿಯನ್ನು ಅಕ್ಕಪಕ್ಕ ಇಟ್ಟ ಕಟ್ಟಿನಲ್ಲಿ) ಅದುವರೆಗೆ ಇದ್ದವು ಎರಡೇ: ತೂಕ, ಮತ್ತು ಆ ತೂಕ ಸ್ಥಿರವಾಗಿ ನಿಂತಿದೆಯೇ ಎಂಬ ಗುರುತು. ಹೊಸದನ್ನು ಅವೆರಡರ ನಡುವೆ ಸೇರಿಸಿದರೆ, ಹಳೆಯ ಹೆಡರ್‌ನೊಂದಿಗೆ ಕಂಪೈಲ್ ಆದ ಪ್ರೋಗ್ರಾಮ್ ಗುರುತನ್ನು ಓದಬೇಕಾದ ಕಡೆ ಖಾಲಿ ಲಾರಿಯ ಕಿಲೋಗಳನ್ನು ಓದುತ್ತದೆ. ಸೊನ್ನೆಯಲ್ಲದ ಯಾವ ಅಂಕಿಯೂ ಸಿ ಭಾಷೆಯಲ್ಲಿ ‘ಹೌದು’ ಆಗುವುದರಿಂದ, ಲಾರಿ ಇನ್ನೂ ಅಲುಗಾಡುತ್ತಿರುವಾಗಲೇ ಗೇಟ್ ಪಾಸ್ ಅಚ್ಚಾಗಿ ಬರುತ್ತದೆ. ಕೊನೆಯಲ್ಲಿ ಸೇರಿಸಿದರೂ, ಹಳೆಯ ಪ್ರೋಗ್ರಾಮ್ ಕಾದಿರಿಸಿದ ಜಾಗವನ್ನು ಮೀರಿ ಲೈಬ್ರರಿ ಬರೆಯುತ್ತದೆ. ಫಂಕ್ಷನ್‌ಗಳ ಹೆಸರು ಒಂದೂ ಬದಲಾಗದ ಕಾರಣ ಲೈಬ್ರರಿಯ ಬದಲಾವಣೆ ಪತ್ತೆಹಚ್ಚುವ ಡಿಪಿಕೆಜಿ-ಜೆನ್‌ಸಿಂಬಲ್ಸ್ ಮಾತ್ರ ಚಕಾರವೆತ್ತುವುದಿಲ್ಲ, ಅದು ನೋಡುವುದು ಹೆಸರುಗಳ ಪಟ್ಟಿಯನ್ನಷ್ಟೇ. ಡೀಬಗ್ ಮಾಹಿತಿಯಿರುವ ಹಳೆಯ, ಹೊಸ ಫೈಲ್‌ಗಳೆರಡನ್ನೂ, ಒಳರಚನೆಯನ್ನು ಹೋಲಿಸುವ ಅಬಿಡಿಫ್‌ಗೆ ಕೊಟ್ಟಾಗ, ಸ್ಟ್ರಕ್ಚರ್‌ನ ಗಾತ್ರ 64 ಬಿಟ್‌ನಿಂದ 96 ಬಿಟ್‌ಗೆ ಏರಿದೆ ಎಂದು ಅದು ಸ್ಪಷ್ಟವಾಗಿ ತೋರಿಸಿತು. ಇದನ್ನು ಓಡಿಸದೆ ಲೈಬ್ರರಿಯ ಹೊಸ ಆವೃತ್ತಿಯನ್ನು ಹೊರಬಿಡುವುದು ನನ್ನ ದೃಷ್ಟಿಯಲ್ಲಿ ದುಡುಕು.

ಹಾಗಾಗಿ ಸೋನೇಮನ್ನು 2ಕ್ಕೆ ಏರಿಸಿ, ಪ್ಯಾಕೇಜ್‌ನ ಹೆಸರನ್ನೂ ಬದಲಾಯಿಸಿದೆ. ಸೋನೇಮ್ ಹಾಗೇ ಉಳಿದು ಪ್ಯಾಕೇಜಿನ ಹೆಸರು ಮಾತ್ರ ಬದಲಾಗುವುದೂ ಉಂಟು: 32 ಬಿಟ್‌ನ ಸಮಯದ ಅಂಕಿ 2038ರಲ್ಲಿ ತುಂಬಿಹೋಗುವ ತೊಡಕನ್ನು ತಪ್ಪಿಸಲು 32 ಬಿಟ್‌ನ ಆರ್ಮ್ ಯಂತ್ರಗಳಲ್ಲಿ ಸಮಯದ ಅಂಕಿಯನ್ನು 64 ಬಿಟ್‌ಗೆ ಹಿಗ್ಗಿಸಿದಾಗ, 2024ರಲ್ಲಿ ಡೆಬಿಯನ್‌ನ ನೂರಾರು ಲೈಬ್ರರಿ ಪ್ಯಾಕೇಜ್‌ಗಳ ಹೆಸರಿನ ತುದಿಗೆ ‘ಟಿ64’ ಸೇರಿತು.

ಎಡದಂಡೆ ಕಾಲುವೆಯ ಭತ್ತ ಮಿಲ್ಲಿಗೆ ಬರುವ ದಿನಗಳವು; ಗೇಟಿನ ಹೊರಗೆ ಟ್ರ್ಯಾಕ್ಟರ್, ಲಾರಿಗಳ ಸಾಲು. “ಬಿಲ್ಲಿಂದು ಏನರ ಮಾಡ್ಕೊಳ್ರಿ, ಸುಗ್ಗಿ ಮುಗಿಯೋತನಕ ಗೇಟ್ ಪಾಸಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ” ಎಂದರು ಸಾಹುಕಾರರು. ಎರಡೂ ಲೈಬ್ರರಿಗಳು ಒಂದೇ ಕಂಪ್ಯೂಟರ್‌ನಲ್ಲಿ ಇರಬಲ್ಲವಾದ್ದರಿಂದ, ಬಿಲ್ಲಿನ ಪ್ರೋಗ್ರಾಮ್ ಲಿಬ್‌ತೂಕ2ರ ಮೇಲೆ ಓಡಿತು. ಗೇಟ್ ಪಾಸ್ ಲಿಬ್‌ತೂಕ1ರಲ್ಲೇ, ಸಾಲಿನ ಕೊನೆಯ ಅಂಕಿಯನ್ನು ಓದದೆ, ಎಂದಿನಂತೆ ನಡೆಯಿತು. ಭತ್ತದ ಆವಕ ನಿಂತ ಮೇಲೆ ಗೇಟ್ ಪಾಸನ್ನೂ ದಾಸ್ತಾನನ್ನೂ ಹೊಸ ಡೆವ್ ಪ್ಯಾಕೇಜಿನೊಂದಿಗೆ ಕಂಪೈಲ್ ಮಾಡಿದೆ. ಆ ಪ್ರೋಗ್ರಾಮ್‌ಗಳ ಪ್ಯಾಕೇಜ್‌ಗಳಿಗೆ ಏನು ಬೇಕೆಂದು ಹೇಳುವ ಅವಲಂಬನೆಯ ಸಾಲಿನಲ್ಲಿ ಲಿಬ್‌ತೂಕ2 ಎಂದು ಡಿಪಿಕೆಜಿ-ಎಸ್‌ಎಚ್‌ಲಿಬ್‌ಡೆಪ್ಸ್ ತಾನೇ ಬರೆದುಕೊಂಡಿತು, ಯಾವ ಪ್ರೋಗ್ರಾಮಿಗೂ ಬೇಡವಾದ ಲಿಬ್‌ತೂಕ1 ಆಪ್ಟ್‌ನ ಆಟೋರಿಮೂವ್‌ನಲ್ಲಿ ಹೋಯಿತು.